ಸಂದೇಶ ಬ್ಲಾಕ್‌ಚೈನಿನಲ್ಲಿ ಇರುವುದಿಲ್ಲ: ಸೆಷನ್ ಆ್ಯಪ್ ಕುರಿತು

ಕಾಸರಗೋಡಿನವರಿಗೂ ಸೊಲ್ಲಾಪುರದವರಿಗೂ ಧ್ವನಿ ಕೇಳ್ತಾ ಉಂಟಲ್ಲ? ಕಳೆದ ಗೋಷ್ಠಿಯ ಕೊನೆಗೆ ಬಂದ ಪ್ರಶ್ನೆಯಿಂದಲೇ ಶುರು ಮಾಡ್ತೇನೆ. ಬ್ಲಾಕ್‌ಚೈನ್ ಮೆಸೆಂಜರಿನಲ್ಲಿ ಬರೆದದ್ದು ಅಳಿಸಲಾಗದಂತೆ ಉಳಿದುಬಿಡ್ತದಾ ಅಂತ ಕೇಳಿದ್ರು. ಸೆಷನ್ ಆ್ಯಪಿನ ಮಟ್ಟಿಗೆ ಉತ್ತರ: ಇಲ್ಲ.

ವಾಟ್ಸಾಪ್‌ನಲ್ಲಿ 2016ರಿಂದ ಸಂದೇಶಗಳಿಗೆ ಪೂರ್ಣ ಗೂಢಲಿಪೀಕರಣ ಉಂಟು. ಅಂದರೆ ಲಕೋಟೆಯೊಳಗಿನ ಕಾಗದವನ್ನು ಅಂಚೆಯವರು ಓದಲಾರರು. ಆದರೆ ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಬರೆದರು ಎಂಬುದು ಲಕೋಟೆಯ ಮೇಲೆಯೇ ಇರುತ್ತದೆ. ಇದನ್ನೇ ಮೆಟಾಡೇಟಾ ಎನ್ನುವುದು. ಒಬ್ಬ ಅಧಿಕಾರಿ ಮೂರು ರಾತ್ರಿ ಒಬ್ಬ ಪತ್ರಕರ್ತರಿಗೆ ಸಂದೇಶ ಕಳಿಸಿದ್ದಾರೆ, ನಾಲ್ಕನೆಯ ದಿನ ಇಲಾಖೆಯ ಹಗರಣ ಪತ್ರಿಕೆಯಲ್ಲಿ ಬಂದಿದೆ ಅಂತಿಟ್ಟುಕೊಳ್ಳಿ. ಆ ಅಧಿಕಾರಿಯನ್ನು ಹಿಡಿಯಲು ಕಾಗದ ಓದಲೇಬೇಕಾ ಮಾರಾಯ್ರೇ?

ಸೆಷನ್ ಹೊರಟದ್ದು ಈ ಲಕೋಟೆಯ ಹೊರಮೈಯನ್ನು ಮರೆಮಾಡಲು. ಫೋನ್ ನಂಬರ್ ಬೇಡ. 66 ಅಕ್ಷರಗಳ ಒಂದು ಗುರುತೇ ವಿಳಾಸ. ಸಂದೇಶವು ಈರುಳ್ಳಿಯ ಸಿಪ್ಪೆಯಂತೆ ಮೂರು ಪದರಗಳಲ್ಲಿ ಸುತ್ತಿಕೊಂಡು ಮೂರು ನೋಡ್‌ಗಳನ್ನು, ಅಂದರೆ ಬೇರೆ ಬೇರೆಯವರು ನಡೆಸುವ ಕಂಪ್ಯೂಟರುಗಳನ್ನು, ದಾಟುತ್ತದೆ. ಮೊದಲನೆಯದಕ್ಕೆ ಎಲ್ಲಿಂದ ಬಂತೆಂದು ಗೊತ್ತು, ಕೊನೆಗೆ ಎಲ್ಲಿಗೆಂದು ಗೊತ್ತಿಲ್ಲ. ಮೂರನೆಯದರದ್ದು ತದ್ವಿರುದ್ಧ. ಪಡೆಯುವವರ ಫೋನ್ ಆಫ್ ಇದ್ದರೆ ಕೆಲವು ನೋಡ್‌ಗಳು ಸಂದೇಶವನ್ನು 14 ದಿನದವರೆಗೆ ಇಟ್ಟುಕೊಂಡು ಅಳಿಸುತ್ತವೆ.

ಹಾಗಾದರೆ ಬ್ಲಾಕ್‌ಚೈನ್ ಎಲ್ಲಿ? ಮುಖ್ಯವಾಗಿ ನೋಡ್‌ಗಳ ಪಟ್ಟಿಯಲ್ಲಿ. ನೋಡ್ ನಡೆಸುವವರು ನಿಗದಿತ ಮೊತ್ತದ ಟೋಕನ್ ಅಡವಿಡಬೇಕು. ಆ ಲೆಕ್ಕ ಮೊದಲು ಆಕ್ಸೆನ್ ಎಂಬ ಚೈನಿನಲ್ಲಿತ್ತು, 2025ರಲ್ಲಿ ಆರ್ಬಿಟ್ರಮ್‌ಗೆ ಹೋಯಿತು. ಅಡವು ಇಲ್ಲದಿದ್ದರೆ ಯಾರಾದರೂ ಪುಕ್ಕಟೆ ಸಾವಿರ ನೋಡ್ ಎಬ್ಬಿಸಿ ದಾರಿಯ ಎರಡೂ ತುದಿ ನೋಡಿಯಾರು. ಅಡವಿನಿಂದ ಅದು ದುಬಾರಿಯಾಗುತ್ತದೆ, ಅಸಾಧ್ಯವಾಗುವುದಿಲ್ಲ. ಜಾಹೀರಾತಿನವರು ಹೇಳದೇ ಬಿಡುವುದು ಇದನ್ನೇ.

ಬೆಲೆಯೂ ತೆರಬೇಕಾಯಿತು. ಸೆಷನ್ ಆರಂಭದಲ್ಲಿ ಬಳಸಿದ ಸಿಗ್ನಲ್ ಪ್ರೋಟೋಕಾಲ್ ಹಂಚಿಹೋದ ಜಾಲಕ್ಕೆ ಸರಿಹೊಂದದೆ, ಅದನ್ನು ಬಿಟ್ಟು ಸ್ವಂತದ್ದನ್ನು ತಂದರು. ಸಿಗ್ನಲ್‌ನಲ್ಲಿ ಕೀಲಿಗಳು ಬದಲಾಗುತ್ತಲೇ ಇರುವುದರಿಂದ ಇಂದಿನ ಕೀಲಿ ಕಳವಾದರೂ ನಿನ್ನೆಯ ಸಂದೇಶ ತೆರೆಯದು. ಆ ರಕ್ಷಣೆ ಈ ಬದಲಾವಣೆಯಲ್ಲಿ ಹೋಯಿತು. ನನ್ನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ಕೇಂದ್ರೀಕೃತವಾದದ್ದೆಲ್ಲ ಕೆಟ್ಟದ್ದೂ ಅಲ್ಲ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಮಾಹಿತಿ ಕೇಳಿದಾಗ ಸಿಗ್ನಲ್‌ನವರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕವಾದ ದಿನ. ಉಳಿದದ್ದನ್ನು ಅವರು ಇಟ್ಟುಕೊಂಡೇ ಇರಲಿಲ್ಲ. ಇನ್ನೊಂದೆಡೆ, ಸರ್ವರ್ ಹಂಚಿದರೂ ತಡೆ ಬೀಳುವುದಿಲ್ಲವೆಂದಲ್ಲ. 2023ರಲ್ಲಿ ಭಾರತ ಸರಕಾರ ತಡೆದ 14 ಆ್ಯಪ್‌ಗಳಲ್ಲಿ ಬ್ರಯರ್, ಎಲಿಮೆಂಟ್ ಕೂಡ ಇದ್ದವು.

ಚಾಟ್‌ನಲ್ಲಿ ಒಬ್ಬರು, ಫೋನ್ ಕಳೆದರೆ ಏನು ಗತಿ ಅಂತ ಕೇಳಿದ್ದಾರೆ. ಸೆಷನ್‌ನಲ್ಲಿ 13 ಪದಗಳ ಒಂದು ಸಾಲು ಸಿಗ್ತದೆ, ಖಾತೆ ಮರಳಿ ಪಡೆಯಲಿಕ್ಕೆ. ಅದೂ ಕಳೆದುಹೋದ್ರೆ ‘ಪಾಸ್‌ವರ್ಡ್ ಮರೆತೆ’ ಅನ್ನುವ ಗುಂಡಿ ಇಲ್ಲ, ದೂರು ಕೇಳುವ ಕಚೇರಿಯೂ ಇಲ್ಲ. ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಮಾತ್ರ ಕಳಿಸಬೇಡಿ.