ನಂಜಮ್ಮ ಬರೆದ ಲೆಕ್ಕ

ಅರಸೀಕೆರೆಯಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ ಮುಂದೆ ಸಿಗುವ ದೊಡ್ಡ ಊರು ತಿಪಟೂರು. ಆ ಸೀಮೆಯ ಹಳ್ಳಿಯೊಂದರ ಹೆಂಗಸಿನ ಕಥೆಯೇ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಬಂದ ಕಾದಂಬರಿ. ನೀವು ಓದಿಲ್ಲದಿದ್ದರೂ ಟಿ.ವಿ. ಧಾರಾವಾಹಿಯಲ್ಲಿ ನೋಡಿರಬಹುದು. ನಾನಂತೂ ಎರಡು ಸಲ ಓದಿದ್ದೇನೆ, ಮಹಡಿ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಾ.

ಹೋದ ಕಾರ್ತಿಕದಲ್ಲಿ ನೆಂಟರ ಜೊತೆ ಹಳೇಬೀಡು ನೋಡಿಕೊಂಡು ಬೇಲೂರಿಗೆ ಹೋದೆವು. ಎಲ್ಲರೂ ಕನ್ನಡಿ ಹಿಡಿದ ದರ್ಪಣಸುಂದರಿಯ ಕೆಳಗೆ ಕತ್ತೆತ್ತಿ ನಿಂತರು. ನನಗೆ ಮಾತ್ರ ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಮನಸ್ಸಿನಲ್ಲಿ ಉಳಿಯಿತು. ಅದನ್ನು ಕಟ್ಟಿಸಿದವಳು ರಾಣಿ ಶಾಂತಲೆ. ನಂಜಮ್ಮನ ಗಂಡನ ಹೆಸರೂ ಚೆನ್ನಿಗರಾಯ, ನೆನಪಿದೆಯೇ? ದೇವರ ಹೆಸರು ಹೊತ್ತ ಆ ಪುಣ್ಯಾತ್ಮನಿಗೆ ಊಟದ ಎಲೆ ಬಿಟ್ಟರೆ ಬೇರೆ ಲೋಕವಿಲ್ಲ!

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇದೇ ಮಾತು ಬಂತು. ಹಿರಿಯರೊಬ್ಬರು, “ಹೆಂಗಸಾದವಳಿಗೆ ನಂಜಮ್ಮನ ಹಾಗೆ ಸಹನೆ ಇರಬೇಕಮ್ಮ” ಅಂದರು. ದೊಡ್ಡವರು, ಎದುರು ಮಾತಾಡಲಿಲ್ಲ. ಆದರೆ ಹೊಟ್ಟೆಯೊಳಗೆ ಸಂಕಟವಾಯಿತು.

ನಂಜಮ್ಮ ಬರೀ ಸಹಿಸಿದಳೇ? ಶಾನುಭೋಗಿಕೆ ಗಂಡನದು, ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆದು ಅಂಕಿ ತುಂಬಿದ ಕೈ ಅವಳದು. ಅತ್ತೆಯ ಬೈಗುಳ ಕೇಳುತ್ತಲೇ ಮುತ್ತುಗದ ಎಲೆ ಹಚ್ಚಿ ಮಾರಿದಳು, ಮಕ್ಕಳನ್ನು ಸ್ಕೂಲಿಗೆ ಕಳಿಸಿದಳು. ಪ್ಲೇಗಿನಲ್ಲಿ ಮಗ, ಮಗಳು ಇಬ್ಬರೂ ಹೋದ ಮೇಲೂ ಉಳಿದ ಒಂದು ಕೂಸಿಗಾಗಿ ಎದ್ದು ನಿಂತಳು. ಕೊನೆಗೆ ಅದೇ ಪ್ಲೇಗು ಅವಳನ್ನೂ ಬಿಡಲಿಲ್ಲ. ಭೈರಪ್ಪನವರ ತಾಯಿಯೂ ಪ್ಲೇಗಿನಲ್ಲೇ ತೀರಿಕೊಂಡವರು. ಇಷ್ಟೆಲ್ಲ ದುಡಿತವನ್ನು ‘ಸಹನೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಹೇಗೆ?

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನೋಡಿ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಬಾಳಿದ ಜೀವ. ಆದರೆ ಎಳೆ ವಿಧವೆ ಇನ್ನೊಬ್ಬಳು ನನಗೆ ಅದು ಬೇಡ ಅಂದಾಗ ಫಣಿಯಮ್ಮ ನಿಂತದ್ದು ಅವಳ ಕಡೆಗೆ. ತಾನು ಸಹಿಸಿದ್ದೇನೆ, ನೀನೂ ಸಹಿಸು ಅನ್ನಲಿಲ್ಲ. ನಮ್ಮಲ್ಲಿ ಎಷ್ಟು ಅತ್ತೆಯಂದಿರಿಗೆ ಇದು ಬಂದೀತು, ನೀವೇ ಹೇಳಿ.

ಇನ್ನು ನನ್ನ ಸಂಗತಿ. ಅಪ್ಪ ತೀರಿಕೊಂಡ ವರ್ಷ ಅಣ್ಣ ಒಂದು ಕಾಗದ ತಂದು, “ಇಲ್ಲೊಂದು ಸಹಿ ಹಾಕು ತಂಗಿ” ಅಂದ. ಹಾಕಿದೆ. ತೋಟದಲ್ಲಿ ನನ್ನ ಪಾಲು ಬಿಟ್ಟುಕೊಟ್ಟ ಪತ್ರ ಅಂತ ಗೊತ್ತಾದದ್ದು ಆಮೇಲೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾನೂನು ಬಂದಿತ್ತು. ಹೆಬ್ಬೆಟ್ಟು ಒತ್ತುವವಳಲ್ಲ ನಾನು, ಹೈಸ್ಕೂಲು ಓದಿದವಳು. ಆದರೂ ಒಂದು ಸಾಲು ಓದಲಿಲ್ಲ. ಅಣ್ಣನ ಮೇಲೆ ಸಿಟ್ಟಿದೆಯೋ ನನ್ನ ಮೇಲೋ, ಇವತ್ತಿಗೂ ಬಗೆಹರಿದಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಮಾತ್ರ ತಪ್ಪದೆ ಬರುತ್ತದೆ.

ಮೊನ್ನೆ ನಮ್ಮ ಯಜಮಾನರು ಸಾಲದ ಕಾಗದವೊಂದನ್ನು ಮುಂದೆ ಹಿಡಿದರು. “ಇಟ್ಟಿರಿ, ಪಾತ್ರೆ ತೊಳೆದು ಬಂದು ಓದುತ್ತೇನೆ” ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕನ್ನಡಕ ಎಲ್ಲಿಟ್ಟಿದ್ದೀಯ ಅಂತ ಕೇಳಿ, ತಾವೇ ಹುಡುಕಿ ತಂದುಕೊಟ್ಟರು.