ಒಂದು ಡ್ರೈವ್, ಮೂರು ಮೋಟಾರು: ಒಟ್ಟು ಲೆಕ್ಕವನ್ನಷ್ಟೇ ನಂಬದಿರೋಣ

ಪೀತಮ್‌ಪುರದ ವಸತಿ ಸಂಕೀರ್ಣಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಮೋಟಾರುಗಳೇನೂ ಹೊಸತಲ್ಲ. ಮೇಲಿನ ತೊಟ್ಟಿಗೆ ನೀರೇರಿಸಲು ಒಂದು, ನೆಲಮಾಳಿಗೆಯಿಂದ ವಾಹನಗಳ ಹೊಗೆಯನ್ನು ಹೊರದೂಡಲು ಮತ್ತೆರಡು ಮೂರು. ವಿದ್ಯುತ್ ಬಿಲ್ಲು ಏರಿದಾಗ, "ಮೂರೂ ಫ್ಯಾನುಗಳಿಗೆ ಒಂದೇ ವೇಗ ನಿಯಂತ್ರಕ ಸಾಲದೆ?" ಎಂಬ ಪ್ರಶ್ನೆ ನಮ್ಮ ಸಂಘದ ಸಭೆಯಲ್ಲಿಯೂ ಎದ್ದಿತು. ಹಾಗೆಯೇ ಜೋಡಿಸಲಾಯಿತು. ಕೆಲವೇ ತಿಂಗಳಲ್ಲಿ ಒಂದು ಮೋಟಾರು ಸುಟ್ಟುಹೋಯಿತು. ಡ್ರೈವಿನ ಪರದೆಯ ಮೇಲೆ ಮಾತ್ರ ಯಾವ ದೋಷವೂ ಕಾಣಲಿಲ್ಲ. ಕಲಾ ಪದವೀಧರರಾದ ನಮಗೆ ಇದರ ಮರ್ಮ ಅರಿವಾದದ್ದು ಆ ಬಳಿಕವೇ.

ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಮೋಟಾರಿನ ವೇಗ ಈ ಆವರ್ತನವನ್ನು ಅನುಸರಿಸುತ್ತದೆ. ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಅದನ್ನು 40ಕ್ಕೆ ಇಳಿಸಿದರೆ, ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗುತ್ತಿದ್ದ ಮೋಟಾರು ಸುಮಾರು 1200 ಸುತ್ತಿಗೆ ಇಳಿಯುತ್ತದೆ. ಫ್ಯಾನು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾದುದರಿಂದ ಖರ್ಚು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಉಳಿತಾಯದ ಗುಟ್ಟು ಇದೇ.

ಒಂದು ಡ್ರೈವಿಗೆ ಹಲವು ಮೋಟಾರುಗಳನ್ನು ಸಮಾಂತರವಾಗಿ ಜೋಡಿಸುವುದು ತಪ್ಪಲ್ಲ. ಆದರೆ ಡ್ರೈವಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಮೂರು ಮೋಟಾರುಗಳ ಫಲಕದಲ್ಲಿ ತಲಾ 8 ಆಂಪಿಯರ್ ಎಂದಿದ್ದರೆ ಡ್ರೈವಿನ ಮಿತಿ 24. ಬೇರಿಂಗ್ ಬಿಗಿದು ಒಂದು ಮೋಟಾರು 12 ಆಂಪಿಯರ್ ಸೆಳೆಯುತ್ತಿದ್ದು, ಉಳಿದೆರಡು ತಲಾ 6 ಸೆಳೆದರೂ ಮೊತ್ತ 24ರಲ್ಲೇ ನಿಲ್ಲುತ್ತದೆ. ಬ್ಯಾಂಕಿನಲ್ಲಿ ದುಡಿದವರಿಗೆ ಇದು ಹೊಸತಲ್ಲ: ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಾಗ ಲೆಕ್ಕ ತಾಳೆಯಾಗುತ್ತದೆ, ಖಾತೆ ಸರಿಯಿರುವುದಿಲ್ಲ.

ಆದ್ದರಿಂದ ಪ್ರತಿಯೊಂದು ಮೋಟಾರಿಗೂ ಅದರ ಫಲಕಕ್ಕೆ ತಕ್ಕ ಓವರ್‌ಲೋಡ್ ರಿಲೇ ಬೇರೆಯಾಗಿಯೇ ಇರಬೇಕು. ಯಾವುದೇ ರಿಲೇ ಎಚ್ಚರಿಸಿದರೂ ಡ್ರೈವ್ ನಿಲ್ಲುವಂತೆ ಅವುಗಳ ಸಂಪರ್ಕಗಳನ್ನು ಸರಣಿಯಲ್ಲಿ ಡ್ರೈವಿನ ನಿಯಂತ್ರಣ ತಂತಿಗೆ ಸೇರಿಸಬೇಕು. ಮೋಟಾರುಗಳ ಆಂಪಿಯರ್ ಕೂಡಿಸಿದ ಮೊತ್ತಕ್ಕಿಂತ ಡ್ರೈವಿನ ಸಾಮರ್ಥ್ಯ ತುಸು ಹೆಚ್ಚಿರಲಿ. ಕೇಬಲ್ಲುಗಳ ಉದ್ದವನ್ನೂ ಕೂಡಿಸಿಯೇ ತಯಾರಕರ ಮಿತಿಯೊಡನೆ ಹೋಲಿಸಬೇಕು. ಡ್ರೈವನ್ನು ವೋಲ್ಟೇಜ್ ಮತ್ತು ಆವರ್ತನದ ಅನುಪಾತ ಕಾಯುವ ಸರಳ ಕ್ರಮದಲ್ಲಿರಿಸಬೇಕು; ಒಂದೇ ಮೋಟಾರಿನ ಗುಣವನ್ನು ಅಳೆದು ನಡೆಸುವ ವೆಕ್ಟರ್ ಕ್ರಮ ಇಲ್ಲಿ ಹೊಂದುವುದಿಲ್ಲ. ಡ್ರೈವ್ ಓಡುತ್ತಿರುವಾಗ ನಡುವೆ ಮೋಟಾರೊಂದನ್ನು ಸೇರಿಸಲೂಬಾರದು. ಆ ಕ್ಷಣದಲ್ಲಿ ಅದು ಎಂದಿನ ಆರೇಳು ಪಟ್ಟು ವಿದ್ಯುತ್ ಸೆಳೆದು ಡ್ರೈವನ್ನು ಕೆಡವಬಲ್ಲದು.

ಮತ್ತೊಂದು ಮಾತು. ಹೀಗೆ ಜೋಡಿಸಿದ ಮೋಟಾರುಗಳೆಲ್ಲ ಒಂದೇ ಆವರ್ತನದಲ್ಲಿ ಜೊತೆಯಾಗಿಯೇ ಓಡುತ್ತವೆ, ಜೊತೆಯಾಗಿಯೇ ನಿಲ್ಲುತ್ತವೆ. ನೆಲಮಾಳಿಗೆಯ ಫ್ಯಾನುಗಳಿಗೆ ಇದು ಸರಿ. ಒಂದು ಕೆಟ್ಟರೆ ಇನ್ನೊಂದು ನೆರವಾಗಬೇಕಾದ ನೀರಿನ ಪಂಪುಗಳಿಗೆ ಪ್ರತ್ಯೇಕ ಡ್ರೈವ್ ಇರುವುದೇ ಲೇಸು.

ಡ್ರೈವಿನ ಒಳಗೆ ಸ್ವಿಚ್ ಆರಿಸಿದ ಮೇಲೂ ಕೆಲವು ನಿಮಿಷ ಅಪಾಯಕರ ವಿದ್ಯುತ್ ಉಳಿದಿರುತ್ತದೆ. ಆದಕಾರಣ ಅದರ ಮುಚ್ಚಳವನ್ನು ಪರಿಣತರೇ ತೆರೆಯಲಿ. ನಮ್ಮ ಪಾಲಿನ ಕೆಲಸ ಪ್ರಶ್ನಿಸುವುದು. ಗುತ್ತಿಗೆದಾರರು ದರಪಟ್ಟಿ ತಂದಾಗ ಬೆಲೆ ನೋಡುವ ಮೊದಲು ಎಣಿಸಿರಿ: ಮೋಟಾರುಗಳೆಷ್ಟು, ರಿಲೇಗಳೆಷ್ಟು? ಎರಡೂ ಸಮನಾಗಿಲ್ಲದಿದ್ದರೆ ಸಹಿ ಹಾಕದಿರಿ.