ಕ್ಲಚ್ ಇಲ್ಲದ ಸುಖ ಎಷ್ಟು ವರ್ಷ?

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಂಜೆ ಆರರ ಹೊತ್ತಿಗೆ ಕಾರು ಓಡಿಸುವವರಿಗೆ ಎಡಗಾಲಿನ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಕ್ಲಚ್ ಒತ್ತಿ, ಮೊದಲ ಗೇರಿಗೆ ಹಾಕಿ, ಹತ್ತು ಅಡಿ ಸಾಗಿ ಮತ್ತೆ ನಿಲ್ಲುವ ಶಿಕ್ಷೆ ಅದು. ಟಾಮ್‌ಟಾಮ್ ಸಂಸ್ಥೆಯ 2019ರ ಸೂಚ್ಯಂಕದಲ್ಲಿ ಈ ನಗರ ಜಗತ್ತಿನಲ್ಲೇ ಅತಿ ದಟ್ಟಣೆಯದೆಂಬ ಅಪಕೀರ್ತಿಗೆ ಪಾತ್ರವಾಗಿತ್ತು. ತೆರವಾದ ರಸ್ತೆಗೆ ಹೋಲಿಸಿದರೆ ಇಲ್ಲಿನ ಪ್ರಯಾಣಕ್ಕೆ ಸರಾಸರಿ ಶೇ 71ರಷ್ಟು ಹೆಚ್ಚು ಸಮಯ ಹಿಡಿಯುತ್ತಿತ್ತು. ಇಂಥ ನಗರದ ಮಧ್ಯಮ ವರ್ಗ ಸ್ವಯಂಚಾಲಿತ ಗೇರಿನ ಕಾರುಗಳತ್ತ ಮುಖ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕೊಳ್ಳುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಓಡಿಸಲು ಹೇಗಿದೆ? ಹತ್ತು ನಿಮಿಷದ ಟೆಸ್ಟ್ ಡ್ರೈವ್ ಅದಕ್ಕೆ ಉತ್ತರವನ್ನೂ ಕೊಡುತ್ತದೆ. ಹತ್ತು ವರ್ಷದ ನಂತರ ಹೇಗಿರುತ್ತದೆ ಎಂಬ ಇನ್ನೊಂದು ಪ್ರಶ್ನೆಯನ್ನು ಷೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಮನೆ ಕಟ್ಟಿದ ನಂತರ ಕುಟುಂಬವೊಂದು ಮಾಡುವ ಅತಿ ದೊಡ್ಡ ಖರೀದಿ ಬಹುಮಟ್ಟಿಗೆ ಕಾರು. ಗೇರ್‌ಬಾಕ್ಸ್ ಕೈಕೊಟ್ಟರೆ ರಿಪೇರಿಯ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗಬಲ್ಲದು. ಹಾಗಾಗಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ಸ್ವಯಂಚಾಲಿತ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಯಂತ್ರಗಳಿವೆ. ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ಮುಖ್ಯವಾಗಿ ಕಾಣುವುದು ಮೂರು. 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಕಾರುಗಳು ಒಂದು ಲೀಟರ್ ಎಂಜಿನ್ನಿಗೆ ಟಾರ್ಕ್ ಕನ್ವರ್ಟರ್ ಉಳ್ಳ ಆರು ಹಂತದ ಗೇರ್‌ಬಾಕ್ಸನ್ನೂ, ಒಂದೂವರೆ ಲೀಟರ್ ಎಂಜಿನ್ನಿಗೆ ಜೋಡಿ ಕ್ಲಚ್ಚಿನ ಏಳು ಹಂತದ ಡಿಎಸ್‌ಜಿಯನ್ನೂ ಜೋಡಿಸಿಕೊಂಡೇ ಬಂದವು. ಹೋಂಡಾ ಸಿಟಿಯ ಕಥೆ ಇನ್ನೂ ಕುತೂಹಲಕರ. 2000ರ ದಶಕದ ಮಧ್ಯದಲ್ಲಿ ಸಿವಿಟಿ ಹೊಂದಿದ್ದ ಆ ಕಾರು, 2008ರ ಕೊನೆಗೆ ಬಂದ ಪೀಳಿಗೆಯಲ್ಲಿ ಐದು ಹಂತದ ಗೇರ್‌ಬಾಕ್ಸಿಗೆ ಹೊರಳಿತು. 2014ರಲ್ಲಿ ಮತ್ತೆ ಸಿವಿಟಿಗೇ ಮರಳಿತು. ಯಾವುದು ಮೇಲು ಎಂಬ ಬಗ್ಗೆ ತಯಾರಕರಲ್ಲೇ ಅಂತಿಮ ತೀರ್ಮಾನವಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಟಾರ್ಕ್ ಕನ್ವರ್ಟರನ್ನು ಎದುರುಬದುರಾಗಿ ಇಟ್ಟ ಎರಡು ಫ್ಯಾನ್‌ಗಳಿಗೆ ಹೋಲಿಸಬಹುದು. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎರಚಿದ ತೈಲ ಇನ್ನೊಂದನ್ನು ತಿರುಗಿಸುತ್ತದೆ. ಬ್ರೇಕಿನಿಂದ ಕಾಲು ತೆಗೆದೊಡನೆ ಕಾರು ಮೆಲ್ಲನೆ ತೆವಳುವುದು ಈ ತೈಲದ ಬಲದಿಂದ. ಆಗ ಹುಟ್ಟುವ ಶಾಖವನ್ನು ತೈಲವೇ ಹೊತ್ತೊಯ್ದು ಕೂಲರಿಗೆ ಒಪ್ಪಿಸುತ್ತದೆ. ಸ್ಪಂದನ ಕೊಂಚ ನಿಧಾನ, ಇಂಧನ ಕೊಂಚ ಹೆಚ್ಚು; ಆದರೆ ನಿಂತು ನಿಂತು ಸಾಗುವ ರಸ್ತೆಗೆ ಹೇಳಿ ಮಾಡಿಸಿದ ಸ್ವಭಾವ ಅದರದು.

ಸಿವಿಟಿಯಲ್ಲಿ ಹಂತಗಳೇ ಇಲ್ಲ. ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಅಥವಾ ಸರಪಳಿ ಸುತ್ತುತ್ತದೆ. ಆದ್ದರಿಂದ ನಗರದೊಳಗೆ ಅದರಷ್ಟು ಮೃದುವಾದದ್ದು ಬೇರೊಂದಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ನಿನ ಸದ್ದು ಮೊದಲು ಏರಿ, ವೇಗ ಆಮೇಲೆ ಬರುತ್ತದೆ. ಪಟ್ಟಿಗೂ ರಾಟೆಗೂ ನಡುವಿನ ಹಿಡಿತವನ್ನು ಕಾಯುವುದು ತೈಲ ಮತ್ತು ಅದರ ಒತ್ತಡ. ಅದು ಕೆಟ್ಟರೆ ಪಟ್ಟಿ ಜಾರಿ ಲೋಹಕ್ಕೆ ಗೀರು ಬೀಳುತ್ತದೆ. ಬಿದ್ದ ಗೀರು ಮಾಯುವುದಿಲ್ಲ.

ಜೋಡಿ ಕ್ಲಚ್ಚಿನ ಗೇರ್‌ಬಾಕ್ಸು ಚಾಲಕನ ಮನ ಗೆಲ್ಲುವುದು ಬಹುಬೇಗ. ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯವಕ್ಕೆ ಇನ್ನೊಂದು. ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಆದರೆ ದಟ್ಟಣೆಯಲ್ಲಿ ತೆವಳುವಾಗ ಅದು ಮಾಡುವುದು ನಾವು ಅರ್ಧ ಕ್ಲಚ್ಚಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ. ಫೋಕ್ಸ್‌ವ್ಯಾಗನ್‌ನ ಏಳು ಹಂತದ ಡಿಎಸ್‌ಜಿಯಂತಹ ಒಣ ಕ್ಲಚ್ಚಿಗೆ ಶಾಖ ಹೊತ್ತೊಯ್ಯುವ ತೈಲವೂ ಇಲ್ಲ. ಹೆದ್ದಾರಿಯ ರಾಜ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆವರುವುದು ಈ ಕಾರಣಕ್ಕೆ.

ಹಾಗಾದರೆ ಟಾರ್ಕ್ ಕನ್ವರ್ಟರ್ ಕೊಂಡರೆ ನಿಶ್ಚಿಂತೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ. ಮಧ್ಯಮ ಗಾತ್ರದ ಸೆಡಾನ್‌ಗಳ ತವರಾದ ಅಮೆರಿಕದ ಅನುಭವ ಇಲ್ಲಿ ಪಾಠವಾಗಬೇಕು. 2004ರಲ್ಲಿ ಹೋಂಡಾ ಅಲ್ಲಿ ಅಕಾರ್ಡ್ ವಿ6 ಸೇರಿದಂತೆ ಸುಮಾರು 11 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿತು. ಅವು ಟಾರ್ಕ್ ಕನ್ವರ್ಟರ್ ಇದ್ದ ಐದು ಹಂತದ ಗೇರ್‌ಬಾಕ್ಸುಗಳು. ಎರಡನೆಯ ಗೇರು ಅತಿಯಾಗಿ ಕಾದು ಹಲ್ಲು ಮುರಿಯುವ ಅಪಾಯವಿತ್ತು. ಆ ಗೇರಿಗೆ ಹೆಚ್ಚು ತೈಲ ಚಿಮ್ಮಿಸುವ ವ್ಯವಸ್ಥೆಯೇ ಪರಿಹಾರವಾಯಿತು. ನಿಸಾನ್ ಕಂಪೆನಿಯು 2013ರಿಂದ 2016ರ ಮಾದರಿಯ ಆಲ್ಟಿಮಾ ಕಾರುಗಳ ಸಿವಿಟಿಗೆ ವಾರಂಟಿಯನ್ನು ಏಳು ವರ್ಷ ಅಥವಾ 84 ಸಾವಿರ ಮೈಲಿಗೆ, ಅಂದರೆ ಸುಮಾರು 1.35 ಲಕ್ಷ ಕಿಲೊಮೀಟರಿಗೆ, ವಿಸ್ತರಿಸಬೇಕಾಯಿತು. ಅದು ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋದದ್ದರ ಫಲ. ಫೋಕ್ಸ್‌ವ್ಯಾಗನ್ 2013ರಲ್ಲಿ ಚೀನಾದಲ್ಲಿ 3.84 ಲಕ್ಷ ಕಾರುಗಳನ್ನು ಡಿಎಸ್‌ಜಿ ದೋಷಕ್ಕಾಗಿ ಹಿಂದಕ್ಕೆ ಕರೆಸಿತು. ಅದೇ ವರ್ಷದ ಕೊನೆಯಲ್ಲಿ ಜಗತ್ತಿನಾದ್ಯಂತ ಏಳು ಹಂತದ ಡಿಎಸ್‌ಜಿಗಳ ಕೃತಕ ತೈಲ ತೆಗೆದು ಖನಿಜ ತೈಲ ತುಂಬಲು ಮುಂದಾಯಿತು. ಬಿಸಿ ಮತ್ತು ತೇವದ ಹವೆಯಲ್ಲಿ ಹಳೆಯ ತೈಲ ವಿದ್ಯುತ್ ದೋಷಕ್ಕೆ ಎಡೆಮಾಡುತ್ತದೆಂಬುದು ಕಾರಣ.

ಮೂರು ಬಗೆಯ ಯಂತ್ರಗಳು, ಮೂರು ಹೆಸರಾಂತ ಕಂಪೆನಿಗಳು, ಬೇರೆ ಬೇರೆ ಸೋಲುಗಳು. ಆದರೆ ಎರಡು ಪ್ರಕರಣಗಳಲ್ಲಿ ಮದ್ದು ತೈಲದಲ್ಲೇ ಇತ್ತು. ಗೇರ್‌ಬಾಕ್ಸಿನ ಜಾತಿಗಿಂತ, ಅದರ ಶಾಖ ಮತ್ತು ತೈಲವನ್ನು ತಯಾರಕ ಮತ್ತು ಮಾಲೀಕ ಹೇಗೆ ನಿಭಾಯಿಸಿದರು ಎಂಬುದೇ ಆಯುಷ್ಯವನ್ನು ನಿರ್ಧರಿಸುತ್ತದೆ. ಈ ತೈಲ ಜೀವಮಾನಪೂರ್ತಿ ಸಾಕು, ಬದಲಿಸುವ ಅಗತ್ಯವಿಲ್ಲ ಎಂಬ ಮಾತನ್ನು ಅನುಮಾನದಿಂದ ನೋಡಬೇಕಾದದ್ದು ಇದಕ್ಕಾಗಿ. ಯಾರ ಜೀವಮಾನ? ವಾರಂಟಿಯದೋ, ಕಾರಿನದೋ? ಅನೇಕ ಕಂಪೆನಿಗಳ ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ, ಬಿಗಿಯಾದ ವೇಳಾಪಟ್ಟಿ ಇರುತ್ತದೆ. ಬಿಸಿಲು, ದೂಳು, ನಿಂತು ನಿಂತು ಸಾಗುವ ಓಟ ಅದರ ಲಕ್ಷಣ. ನಮ್ಮ ನಗರಗಳಲ್ಲಿ ಕಠಿಣ ಬಳಕೆಯೇ ದೈನಂದಿನ ಬಳಕೆ ಎಂಬುದನ್ನು ಯಾವ ಸರ್ವಿಸ್ ಸ್ಟೇಷನ್ ತಾನಾಗಿ ಹೇಳುತ್ತದೆ?

ಪೆಟ್ಟು ಬೀಳುವುದು ಬಹುಪಾಲು ಎರಡನೆಯ ಮಾಲೀಕನಿಗೆ. ಕರ್ನಾಟಕದಲ್ಲಿ ಕಾರಿಗೆ ಜೀವಾವಧಿ ತೆರಿಗೆಯನ್ನು ಮೊದಲೇ ಕಟ್ಟಿಸಿಕೊಳ್ಳಲಾಗುತ್ತದೆ. ನೋಂದಣಿಯ ಅವಧಿ 15 ವರ್ಷ. ಕಂಪೆನಿಯ ಮೂಲ ವಾರಂಟಿ ಮಾತ್ರ ಕೆಲವೇ ವರ್ಷಗಳದು. ಅದು ಮುಗಿಯುವ ಹೊತ್ತಿಗೆ ಕಾರನ್ನು ಮಾರಿ ಹೊಸದಕ್ಕೆ ಹೋಗುವವರು ಬಹಳ. ಉಪ್ಪು ತಿಂದವನು ನೀರು ಕುಡಿಯಬೇಕು ಎಂಬುದು ಗಾದೆ. ಇಲ್ಲಿ ತೈಲ ಬದಲಿಸದೆ ಹಣ ಉಳಿಸಿದವನು ಒಬ್ಬ, ಸಾಲ ಮಾಡಿ ಹಳೆಯ ಕಾರು ಕೊಂಡು ದಂಡ ತೆರುವವನು ಮತ್ತೊಬ್ಬ.

ಕಾನೂನಿನ ರಕ್ಷಣೆಯೂ ಅಷ್ಟಕ್ಕಷ್ಟೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷಗಳಿಗಾಗಿ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಮೆಲ್ಲನೆ ಸವೆದು ಮೂಲೆ ಸೇರುವ ಗೇರ್‌ಬಾಕ್ಸು ಸಾಮಾನ್ಯವಾಗಿ ಆ ವ್ಯಾಪ್ತಿಗೆ ಬರುವುದಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ‘ದುರಸ್ತಿಯ ಹಕ್ಕು’ ಪೋರ್ಟಲ್ ವಾಹನಗಳನ್ನೂ ಒಳಗೊಂಡಿರುವುದು ಸ್ವಾಗತಾರ್ಹ. ಆದರೆ ಅಲ್ಲಿಗೆ ನಿಲ್ಲಬಾರದು. ಗೇರ್ ತೈಲವನ್ನು ಭಾರತದ ನಗರ ಬಳಕೆಯಲ್ಲಿ ಎಷ್ಟು ಕಿಲೊಮೀಟರಿಗೆ ಬದಲಿಸಬೇಕು, ಗೇರ್‌ಬಾಕ್ಸಿನ ಮುಖ್ಯ ಭಾಗಗಳ ಬೆಲೆ ಎಷ್ಟು ಎಂಬುದನ್ನು ಮಾರಾಟದ ಹೊತ್ತಿನಲ್ಲೇ ಬರಹದಲ್ಲಿ ಕೊಡುವುದು ಕಡ್ಡಾಯವಾಗಬೇಕು. ಗೇರ್‌ಬಾಕ್ಸಿನ ವಾರಂಟಿ ಮುಂದಿನ ಮಾಲೀಕನಿಗೂ ಸಲ್ಲಬೇಕು.

ಅಲ್ಲಿಯವರೆಗೆ ಗ್ರಾಹಕನ ಎಚ್ಚರವೇ ಅವನ ವಾರಂಟಿ. ಇಳಿಜಾರಿನಲ್ಲಿ ಕಾರನ್ನು ಆಕ್ಸಿಲರೇಟರಿನಿಂದ ತಡೆಹಿಡಿಯದೆ ಬ್ರೇಕಿನಿಂದ ಹಿಡಿಯಬೇಕು. ಕಾರು ಪೂರ್ತಿ ನಿಂತ ಮೇಲಷ್ಟೇ ರಿವರ್ಸಿಗೆ ಹಾಕಬೇಕು. ಜೋಡಿ ಕ್ಲಚ್ಚಿನ ಕಾರಿನಲ್ಲಿ ಇಂಚಿಂಚು ತೆವಳುವ ಬದಲು, ಮುಂದಿನ ವಾಹನ ಕೊಂಚ ದೂರ ಸರಿದ ಮೇಲೆ ಹೊರಡುವುದು ಲೇಸು. ಹಳೆಯ ಕಾರು ಕೊಳ್ಳುವವರು ಬಣ್ಣದ ಹೊಳಪಿಗಿಂತ ಮೊದಲು ಗೇರ್ ತೈಲ ಬದಲಿಸಿದ ರಸೀದಿ ಕೇಳಬೇಕು. ಹೊರಡುವಾಗ ನಡುಕ, ‘ಡಿ’ಗೆ ಹಾಕಿದ ಮೇಲೆ ತಡವರಿಕೆ, ಸುಟ್ಟ ವಾಸನೆ ಕಂಡರೆ ಆ ವ್ಯವಹಾರಕ್ಕೆ ಅಲ್ಲಿಯೇ ಕೈಮುಗಿಯುವುದು ಕ್ಷೇಮ.